ಮಕ್ಕಳ ವಿಭಾಗದ ಫಲಕಕ್ಕೆ: ವಾಕರಿಕೆಯೋ, ಹೊಟ್ಟೆ ತೊಳಸುವುದೋ?

ಗೆಳೆಯರೇ, ಫಲಕ ನಾಳೆ 12ಕ್ಕೆ ಪ್ರೆಸ್ಸಿಗೆ ಹೋಗಬೇಕು. ಚೀಟಿ ಕೈಯಲ್ಲಿ ಹಿಡಿದು ಕಾಯುವ ತಾಯಂದಿರು ಓದುವಂಥದ್ದು. ಮೂರು ಸಂಗತಿಗೆ ಮೂರು ಮಾತು ಬೇಕು: ವಾಂತಿ ಬರುವಂತಾಗುವುದು, ವಾಂತಿಯೇ ಆಗುವುದು, ಹಾಲು ಕುಡಿದ ಕೂಸು ತೇಗಿನೊಂದಿಗೆ ಒಂದಿಷ್ಟು ಹೊರಹಾಕುವುದು. ಕೊನೆಯದಕ್ಕೆ ಸಾಮಾನ್ಯವಾಗಿ ಮದ್ದು ಬೇಡ, ವಾಂತಿಯೊಡನೆ ಬೆರೆಯಬಾರದು. ಕರಡು ಹೀಗಿದೆ: "ಹೊಟ್ಟೆ ತೊಳೆಸುವಿಕೆ, ವಾಂತಿ: ವಾಂತಿಯಾದರೆ 10 ನಿಮಿಷ ಬಿಟ್ಟು ಓಆರ್‌ಎಸ್ ನೀರನ್ನು 2–3 ನಿಮಿಷಕ್ಕೊಂದು ಚಮಚದಂತೆ ಕುಡಿಸಿ. ಎದೆಹಾಲು ನಿಲ್ಲಿಸಬೇಡಿ. ಪಿತ್ತಮಿಶ್ರಿತ ವಾಂತಿಯಾದರೆ ಕೂಡಲೇ ಬನ್ನಿ." ಸರಿಯೇ?

ಮೈಸೂರಿನಿಂದ:
ತೊಳೆಸುವಿಕೆ ಅಲ್ಲ, ತೊಳಸುವಿಕೆ. ನಿಮ್ಮದು 'ತೊಳೆ'ಯಿಂದ ಬಂದದ್ದು, ವಿಷ ಕುಡಿದವರಿಗೆ ಮಾಡಿಸುವುದು. ಇದು ಮುದ್ದೆ ತೊಳಸುವ ತೊಳಸು. ತೊಳಲು, ತೊಳಲಾಟ ಇದರ ನಂಟರು. ಒಳಗೆ ಯಾರೋ ಕೋಲಾಡಿಸಿದ ಹಾಗೆ, ಎಷ್ಟು ಚೆನ್ನಾದ ಮಾತು!

ಉಡುಪಿಯಿಂದ:
ಆಡುಮಾತು ಫಲಕಕ್ಕೆ ಶೋಭೆಯಲ್ಲ. ಆಯುರ್ವೇದ ಶಾಸ್ತ್ರದಲ್ಲಿ ವಾಂತಿ ಬರುವಂತಾಗುವುದಕ್ಕೆ ಹೃಲ್ಲಾಸ, ವಾಂತಿಗೆ ವಮನ ಎಂದಿವೆ. ಬಳಸಿ.

ಧಾರವಾಡದಿಂದ:
ಹೃಲ್ಲಾಸ ಓದಿದಾಕಿ ಕೂಸು ಉಲ್ಲಾಸದಾಗ ಐತಿ ಅಂತ ಮನೀಗೆ ಹೋಗ್ತಾಳ್ರೀ. ವಮನ ಅಂದ್ರ ಪಂಚಕರ್ಮದಾಗ ಬೇಕಂತ ಮಾಡಸೂದು, ನಿಲ್ಲಸೂದಲ್ಲ. ವಾಂತೀನೂ ಸಂಸ್ಕೃತನ. ನಾವು 'ಕಾರಕೊಂಡ್ತು' ಅಂತೀವಿ, 'ಕಾರುವಿಕೆ' ಹಾಕ್ರಿ.

ಮೈಸೂರಿನಿಂದ:
"ಮಗು ಕಾರಿನಲ್ಲಿ ಕಾರಿತು" ಎಂದು ಬರೆಸೋಣವೇ? ವಾಂತಿ ಎಲ್ಲಿಂದಲಾದರೂ ಬಂದಿರಲಿ, ಅಕ್ಷರ ಕಾಣದ ಅಜ್ಜಿಯ ಬಾಯಲ್ಲೂ ಇದೆ. ಅಪ್ಪಟ ದ್ರಾವಿಡವೇ ಬೇಕೆಂದರೆ ಓಕರಿಕೆ. ತೆಲುಗಿನ ಓಕರಿಂಚು, ಮಲಯಾಳದ ಓಕ್ಕಾನ ಅದರ ಒಡಹುಟ್ಟುಗಳು. ವಾಕರಿಕೆ ಅದರದೇ ಇನ್ನೊಂದು ರೂಪ. ಆದರೆ ನನ್ನ ಕಿವಿಗೆ ಅದು ಗಂಟಲಿನ 'ಓ' ಸದ್ದು, ಹೊಟ್ಟೆಯೊಳಗಿನ ಸಂಕಟವಲ್ಲ.

ಧಾರವಾಡದಿಂದ:
ಹಂಗಾದ್ರ ಓಆರ್‌ಎಸ್ ಯಾಕ ಬಿಟ್ರಿ? 'ಮರುನೀರೂಡಿಕೆ ಪುಡಿ' ಅನ್ರಿ.

ಉಡುಪಿಯಿಂದ:
ಮೆಡಿಕಲ್ ಶಾಪಿನಲ್ಲಿ ಕೇಳಿ ನೋಡಿ. ಸಿಕ್ಕಿದರೆ ತಿಳಿಸಿ.

ಕೇಳಿದವಳು:
ನಮ್ಮ ವಾರ್ಡಿನ ಸಿಸ್ಟರ್‌ಗೆ ಇದೆಲ್ಲ ಓದಿ ಹೇಳಿದೆ. ಎರಡು ವರ್ಷದ ಮಗುವಿಗೆ ತೊಳಸುವುದೂ ಒಂದೇ, ನೋಯುವುದೂ ಒಂದೇ, ಹೊಟ್ಟೆ ಹಿಡಿದು 'ಉವ್ವಾ' ಅನ್ನುತ್ತದೆ, ಅಷ್ಟೇ ಅಂದರು. ಅವರು ಗೀಟು ಹಾಕಿದ್ದು ನೀವ್ಯಾರೂ ಮುಟ್ಟದ 'ಪಿತ್ತಮಿಶ್ರಿತ'ಕ್ಕೆ. ನಮ್ಮಲ್ಲಿ ವಾಂತಿಗೆಲ್ಲ "ಪಿತ್ತ ಆಗಿದೆ" ಎಂದು ನಿಂಬೆಹಣ್ಣು ಹಿಂಡುತ್ತಾರೆ, ಯಾರಿಗೂ ಗಾಬರಿಯಾಗದು. ಎಳೆಗೂಸು ಹಸಿರಾಗಿ ಕಕ್ಕಿದರೆ ಕರುಳು ತೊಡರಿಕೊಂಡಿರಬಹುದು, ಕಾಯುವ ಹಾಗಿಲ್ಲ. ಆದ್ದರಿಂದ "ಹಸಿರು ಬಣ್ಣದ ವಾಂತಿ" ಎಂದು ದಪ್ಪ ಅಕ್ಷರದಲ್ಲಿ ಹಾಕಿದೆ. ಉಳಿದದ್ದು: ವಾಂತಿ ಬರುವಂತಾದರೆ, ವಾಂತಿಯಾದರೆ, ಹಾಲು ಕಕ್ಕಿದರೆ. ಓಆರ್‌ಎಸ್ ಹಾಗೇ ಇರಲಿ. ತಾವು ಜಗಳ ಮುಂದುವರಿಸಿ, ನಾನು ಪ್ರೆಸ್ಸಿಗೆ ಹೊರಟೆ.