ಬೆಳಗಿನ ಒಂಟಿ ನಡಿಗೆ: ನಿಮಗೆ ಹೇಗೆ ಸಮಾಧಾನ ಸಿಕ್ಕಿತು?

ಮಡಿಕೇರಿಯಿಂದ ಪ್ರಶ್ನೆ:
ಅಮ್ಮ ತೀರಿಕೊಂಡು ಆರು ತಿಂಗಳಾಯಿತು. ಪೂಜೆಗೆ ಕೂತರೆ ಮನಸ್ಸು ನಿಲ್ಲುವುದಿಲ್ಲ. ಬೆಳಿಗ್ಗೆ ಒಬ್ಬಳೇ ನಡೆದು ನೋಡು ಅಂದರು. ಹದಿನೈದು ದಿನದಿಂದ ರಾಜಾಸೀಟ್ ಉದ್ಯಾನದ ಕಡೆ ಹೋಗುತ್ತಿದ್ದೇನೆ. ಅಲ್ಲೂ ಆಸ್ಪತ್ರೆಯ ದಿನಗಳೇ ಕಣ್ಣ ಮುಂದೆ ಬರುತ್ತವೆ. ನಿಮ್ಮ ಅನುಭವ ಹೇಳುತ್ತೀರಾ?

ಸುಂಟಿಕೊಪ್ಪದಿಂದ:
ಅಕ್ಕ, ಹದಿನೈದು ದಿನ ಸಾಲದು. ನಮ್ಮ ಯಜಮಾನರು ಹೋದ ಮೇಲೆ ನಾನೂ ಹೀಗೇ ಹೊರಟವಳು. ತೋಟದ ಗೇಟಿನಿಂದ ಗದ್ದೆಯವರೆಗೆ, ಅಲ್ಲಿಂದ ವಾಪಸ್. ಮುಕ್ಕಾಲು ಗಂಟೆ. ಮೊದಲ ಎರಡು ತಿಂಗಳು ದಾರಿಯುದ್ದಕ್ಕೂ ಅವರ ಜೊತೆ ಜಗಳವೇ. ಡಾಕ್ಟರ ಹತ್ತಿರ ಮೊದಲೇ ಯಾಕೆ ಹೋಗಲಿಲ್ಲ ಅಂತ. ನೆನಪನ್ನು ಓಡಿಸೋಣ ಅಂತ ಜಪ ಶುರು ಮಾಡಿದೆ. ಇನ್ನೂ ಜಾಸ್ತಿ ಆಯಿತು. ಆಮೇಲೆ ಬರುವುದೆಲ್ಲ ಬರಲಿ ಅಂತ ಸುಮ್ನೆ ನಡೆದೆ.

ಮಾರ್ಚಿನಲ್ಲಿ ಹೂಮಳೆ ಬಿತ್ತು, ಕಾಫಿ ಹೂವನ್ನು ಅರಳಿಸುವ ಮಳೆ. ಎಂಟು-ಹತ್ತು ದಿನಕ್ಕೆ ಕಾಫಿ ಗಿಡಗಳೆಲ್ಲ ಒಟ್ಟಿಗೆ ಅರಳಿದವು. ನಿಮಗೆ ಗೊತ್ತಲ್ವಾ, ಆ ಹೂವು ಎರಡು-ಮೂರು ದಿನದ್ದು. ಮಂಜಿನಲ್ಲಿ ದಾರಿಯ ಎರಡೂ ಕಡೆ ಬಿಳಿ, ಮಲ್ಲಿಗೆಯಂಥ ಪರಿಮಳ. ಹಿಂದೆಲ್ಲ ಆ ದಿನ ಅವರು ನನ್ನನ್ನು ಎಬ್ಬಿಸಿ ಕರೆದುಕೊಂಡು ಹೋಗುತ್ತಿದ್ದರು. ಅಲ್ಲೇ ನಿಂತು ಅತ್ತುಬಿಟ್ಟೆ. ಬಿಸಿಲು ಬಂದು ಜೇನುನೊಣ ಹೂವಿಗೆ ಮುತ್ತುವವರೆಗೂ ನಿಂತಿದ್ದೆ. ಮನೆಗೆ ಬಂದು ಕಾಫಿ ಕಾಸುವಾಗ ಗೊತ್ತಾಯಿತು, ಅವತ್ತು ಜಗಳ ಆಡಿರಲಿಲ್ಲ. ಈಗ ದೇವರು ಅಂದರೆ ನನಗೆ ಆ ಬೆಳಗೇ ನೆನಪಾಗುವುದು.

ರಾಜಾಸೀಟಿಗೆ ಪ್ರವಾಸಿಗರು ಜಾಸ್ತಿ. ಓಂಕಾರೇಶ್ವರನ ಕೊಳದ ಕಡೆ ಹೋಗಿ ನೋಡಿ. ಕೊಡಗಿನ ರಾಜ ಲಿಂಗರಾಜೇಂದ್ರ 1820ರಲ್ಲಿ ಕಟ್ಟಿಸಿದ ಗುಡಿ, ಅಲ್ಲಿಗೆ ಬಂದು ಅತ್ತು ಹಗುರಾದವರು ಎಷ್ಟು ಜನವೋ. ದಿನಾ ದಾರಿ ಬದಲಿಸಬೇಡಿ. ಒಂದೇ ದಾರಿಯಾದರೆ ಕಾಲು ತಾನೇ ನಡೆಯುತ್ತದೆ, ಮನಸ್ಸಿಗೆ ಬಿಡುವು ಸಿಗುತ್ತದೆ.

ಸಿದ್ದಾಪುರದಿಂದ:
ಒಂದು ಮಾತು. ತೋಟದ ದಾರಿಯಲ್ಲಿ ನಡೆಯುವವರು ಚೆನ್ನಾಗಿ ಬೆಳಕಾದ ಮೇಲೆಯೇ ಹೊರಡಿ. ಹಲಸು ಹಣ್ಣಾಗುವಾಗ, ಗದ್ದೆಯಲ್ಲಿ ತೆನೆ ಬಂದಾಗ ಆನೆಗಳು ತೋಟಕ್ಕೇ ಬರುತ್ತವೆ. ಹಸಿ ಲದ್ದಿ ಕಂಡರೆ, ಕೊಂಬೆ ಮುರಿಯುವ ಸದ್ದು ಕೇಳಿದರೆ ಅಲ್ಲಿಂದಲೇ ತಿರುಗಿಬಿಡಿ. ಯಾವ ದಾರಿ ಅಂತ ಮನೆಯಲ್ಲಿ ಹೇಳಿ ಹೋಗಿ. ಫೋನ್ ಸೈಲೆಂಟಲ್ಲಿ ಜೊತೆಗಿರಲಿ.

ವಿರಾಜಪೇಟೆಯಿಂದ:
ನಾನು ನಮ್ಮೂರ ದೇವರಕಾಡಿನ ಅಂಚಿನವರೆಗೆ ಹೋಗುತ್ತೇನೆ. ಅಲ್ಲಿ ಯಾರೂ ಒಂದು ಕಡ್ಡಿಯನ್ನೂ ಮುರಿಯುವುದಿಲ್ಲ. ಚಪ್ಪಲಿ ಬಿಟ್ಟು ಐದು ನಿಮಿಷ ನಿಲ್ಲುತ್ತೇನೆ. ಏನೂ ಕೇಳಿಕೊಳ್ಳುವುದಿಲ್ಲ. ಕಕ್ಕಡದಲ್ಲಿ, ಅಂದರೆ ನಮ್ಮ ಕಡೆಯ ಜುಲೈ-ಆಗಸ್ಟಿನ ಮಳೆ ತಿಂಗಳಲ್ಲಿ, ಮಳೆ, ಜಿಗಣೆ. ಆಗ ಜಗಲಿಯಲ್ಲೇ ಅತ್ತಿಂದಿತ್ತ ನಡೆಯುತ್ತೇನೆ. ಹೆಂಚಿನ ಮೇಲೆ ಬೀಳುವ ಮಳೆ ಸದ್ದಿನಲ್ಲಿ ಮನೆಯವರ ಮಾತೂ ಕೇಳಿಸುವುದಿಲ್ಲ. ಅದೂ ಒಳ್ಳೆಯದೇ.

ಮಡಿಕೇರಿಯಿಂದ ಮತ್ತೆ:
ನೆನಪನ್ನು ತಡೆಯಬೇಡ ಅಂತ ನನಗೆ ಯಾರೂ ಹೇಳಿರಲಿಲ್ಲ. ಓಂಕಾರೇಶ್ವರನ ಕೊಳದ ಮೀನಿಗೆ ಪುರಿ ಹಾಕುವುದು ಅಮ್ಮನಿಗೆ ತುಂಬಾ ಇಷ್ಟ. ಅವರು ಹೋದ ಮೇಲೆ ನಾನು ಆ ಕಡೆ ಕಾಲಿಟ್ಟಿಲ್ಲ. ನಾಳೆ ಹೋಗುತ್ತೇನೆ.