ಪದಚರ್ಚೆ: ಕ್ರೋಶಾದ ‘ಸ್ಟಿಚ್‌’ಗೆ ಕನ್ನಡದಲ್ಲಿ ಏನು ಹೇಳೋಣ?

ಎಲ್ಲರಿಗೂ ನಮಸ್ಕಾರ.

ಹಳೇ ಧಾಟಿಯ ಒಂದು ಕೈಚೀಲವನ್ನು ಕ್ರೋಶಾದಲ್ಲಿ, ಅಂದರೆ ಒಂದೇ ಕೊಕ್ಕೆಕಡ್ಡಿಯಿಂದ ದಾರವನ್ನು ಹೆಣೆಯುವ ಕಲೆಯಲ್ಲಿ, ಮಾಡುವುದು ಹೇಗೆ ಅಂತ ಕನ್ನಡದಲ್ಲಿ ಬರೆಯುತ್ತಿದ್ದೇನೆ. ದುಂಡನೆಯ ತಳ, ಲಾಡಿ ಎಳೆದರೆ ಮುಚ್ಚಿಕೊಳ್ಳುವ ಬಾಯಿ, ಕೆಳಗೊಂದು ಕುಚ್ಚು. ಚೀಲದ ಭಾಗಗಳಿಗೆ ಪದ ಹುಡುಕಬೇಕಾಗಿಯೇ ಇಲ್ಲ. ತಳ, ಬಾಯಿ, ಅಂಚು, ಹಿಡಿ, ಪಟ್ಟಿ, ಲಾಡಿ, ಗೊಂಡೆ, ಮಣಿ ಎಲ್ಲ ಇವೆ. ದಾರದ ವಿಷಯದಲ್ಲೂ ಅಷ್ಟೇ: ಎಳೆ, ಹುರಿ, ಉಂಡೆ, ಲಡಿ. ತೊಡಕಿರುವುದು ಹೆಣೆಯುವ ಕೆಲಸದ ಮಾತುಗಳಲ್ಲಿ. ಅದರಲ್ಲೂ ‘ಸ್ಟಿಚ್’ ಎಂಬ ಒಂದು ಪದದಲ್ಲಿ.

ಇದಕ್ಕೆ ಮೊದಲು ಹೊಳೆಯುವ ಪದ ‘ಹೊಲಿಗೆ’. ಅದು ಇಲ್ಲಿ ಸರಿಹೋಗುವುದಿಲ್ಲ ಅಂತ ನನ್ನ ಅಭಿಪ್ರಾಯ. ಹೊಲಿಯಲು ಮೊದಲೇ ಒಂದು ಬಟ್ಟೆ ಬೇಕು. ಸೂಜಿಯ ಹಿಂದೆ ಇಡೀ ದಾರ ಬಟ್ಟೆಯನ್ನು ದಾಟಿ ಹೋಗಬೇಕು. ಕ್ರೋಶಾದಲ್ಲಿ ಬಟ್ಟೆಯೇ ಇಲ್ಲ, ಅದು ಹುಟ್ಟುವುದೇ ಹೆಣೆಯುತ್ತಾ ಹೋದಂತೆ. ದಾರದ ತುದಿ ದಾಟುವುದೂ ಇಲ್ಲ. ಒಂದು ಕುಣಿಕೆಯೊಳಗಿಂದ ಇನ್ನೊಂದು ಕುಣಿಕೆಯನ್ನು ಎಳೆದುಕೊಳ್ಳುತ್ತೇವೆ, ಅಷ್ಟೇ. ಅದಕ್ಕೇ ಕೊನೆಯ ಕುಣಿಕೆಯನ್ನು ಭದ್ರ ಮಾಡದೆ ದಾರ ಜಗ್ಗಿದರೆ ಎಲ್ಲ ಬಿಚ್ಚಿಕೊಂಡು ಬರುತ್ತದೆ. ಜೊತೆಗೆ ಚೀಲದ ಒಳಗೆ ಲೈನಿಂಗ್ ಕೂರಿಸುವಾಗ ನಿಜವಾಗಿಯೂ ಸೂಜಿಯಿಂದ ಹೊಲಿಯಬೇಕಾಗುತ್ತದೆ. ‘ಹೊಲಿಗೆ’ಯನ್ನು ಆ ಕೆಲಸಕ್ಕೆ ಉಳಿಸಿಕೊಳ್ಳುವುದು ಒಳ್ಳೆಯದು, ಅಲ್ವಾ?

ಹಾಗಾದರೆ ಏನು ಹೇಳಬೇಕು? ಒಂದು ‘ಸ್ಟಿಚ್’ ಆಗುವುದನ್ನು ಹತ್ತಿರದಿಂದ ನೋಡೋಣ. ಕೊಕ್ಕೆಯ ಮೇಲೆ ಆಗಲೇ ಒಂದು ಕುಣಿಕೆ ಇದೆ. ಕೊಕ್ಕೆಯನ್ನು ಕೆಳಗಿನ ಸಾಲಿನೊಳಗೆ ತೂರಿಸಿ, ದಾರ ಸಿಕ್ಕಿಸಿ, ಈಚೆಗೆ ಎಳೆಯುತ್ತೇವೆ. ಈಗ ಎರಡು ಕುಣಿಕೆ. ಮತ್ತೆ ದಾರ ಸಿಕ್ಕಿಸಿ ಎರಡರೊಳಗಿಂದಲೂ ಒಟ್ಟಿಗೆ ಎಳೆದರೆ ಮುಗಿಯಿತು. ಇಲ್ಲಿ ಮೂರು ಬೇರೆ ಬೇರೆ ಸಂಗತಿಗಳಿವೆ. ಕೊಕ್ಕೆಯ ಮೇಲೆ ಕೂತಿರುವುದು ಒಂದು. ಕೊಕ್ಕೆ ತೂರುವ ಜಾಗ ಇನ್ನೊಂದು. ಕೆಲಸ ಮುಗಿದ ಮೇಲೆ ನೆಟ್ಟಗೆ ನಿಂತಿರುವುದು ಮತ್ತೊಂದು. ಕೊನೆಯ ಎರಡಕ್ಕೂ ಇಂಗ್ಲಿಷಿನಲ್ಲಿ ‘ಸ್ಟಿಚ್’ ಅಂತಲೇ ಹೇಳುತ್ತಾರೆ. ಹೊಸದಾಗಿ ಕಲಿಯುವವರು ಅಲ್ಲೇ ಎಡವುತ್ತಾರೆ.

ನಾನು ಯೋಚಿಸಿರುವುದು ಹೀಗೆ. ಕೊಕ್ಕೆಯ ಮೇಲಿರುವುದು ಕುಣಿಕೆ. ತೂರುವ ಜಾಗ ಮನೆ, ಚದುರಂಗದ ಮನೆ ಇದ್ದ ಹಾಗೆ. ಮುಗಿದು ನಿಂತಿರುವುದು ಕಂಬ. ‘ಕಂಬ’ ತೀರಾ ದೊಡ್ಡ ಪದ ಅಂತ ಅನ್ನಿಸಬಹುದು. ಆದರೆ ರಷ್ಯನ್ನರು ಇದಕ್ಕೆ ‘ಸ್ತೋಲ್ಬಿಕ್’ ಅನ್ನುತ್ತಾರೆ, ಅಂದರೆ ಪುಟ್ಟ ಕಂಬ. ಜರ್ಮನ್ನರು ಉದ್ದನೆಯದಕ್ಕೆ ‘ಸ್ಟೇಬ್‌ಶೆನ್’, ಪುಟ್ಟ ಕೋಲು, ಅನ್ನುತ್ತಾರೆ. ಹೆಣೆದದ್ದನ್ನು ಬೆಳಕಿಗೆ ಹಿಡಿದು ನೋಡಿದರೆ ಸಾಲಾಗಿ ಕಂಬ ನಿಂತ ಹಾಗೆಯೇ ಕಾಣುತ್ತದೆ.

ಕಂಬ ಅಂದರೆ ಇನ್ನೊಂದು ಲಾಭವೂ ಇದೆ. ಎತ್ತರದಿಂದ ಹೆಸರಿಸಬಹುದು. ಈಗ ನಾವು ಇಂಗ್ಲಿಷಿನಿಂದ ತೆಗೆದುಕೊಂಡಿರುವ ‘ಸಿಂಗಲ್ ಕ್ರೋಶಾ’, ‘ಡಬಲ್ ಕ್ರೋಶಾ’ ಹೆಸರುಗಳಲ್ಲಿ ಒಂದು ದೊಡ್ಡ ಗೊಂದಲ ಇದೆ. ಮೇಲೆ ಹೇಳಿದ ಗಿಡ್ಡ ಕಂಬವನ್ನು ಅಮೆರಿಕದವರು ಸಿಂಗಲ್ ಅನ್ನುತ್ತಾರೆ, ಬ್ರಿಟನ್ನಿನವರು ಡಬಲ್ ಅನ್ನುತ್ತಾರೆ. ಅಮೆರಿಕದ ಡಬಲ್ ಬ್ರಿಟನ್ನಿನಲ್ಲಿ ಟ್ರೆಬಲ್. ಗಿಡ್ಡದ್ದು 1 ಸರಪಳಿಯಷ್ಟು (ಕೊಕ್ಕೆಯ ಮೇಲಿನ ಕುಣಿಕೆಯೊಳಗಿಂದ ಒಂದು ಸಲ ದಾರ ಎಳೆದಾಗ ಆಗುವ ‘ಚೈನ್’) ಎತ್ತರ, ಅಮೆರಿಕದ ಡಬಲ್ ಸುಮಾರು 3 ಸರಪಳಿಯಷ್ಟು. ಸುಮ್ನೆ ಹೆಸರಿನ ವ್ಯತ್ಯಾಸ ಅಂತ ಬಿಡುವ ಹಾಗಿಲ್ಲ. ಬ್ರಿಟನ್ನಿನ ಬರಹ ನೋಡಿ ಅಮೆರಿಕದ ಲೆಕ್ಕದಲ್ಲಿ ಹೆಣೆದರೆ ಬಿಗಿಯಾಗಿ ಬರಬೇಕಾದ ಚೀಲ ಉದ್ದವಾಗಿ, ಜಾಳುಜಾಳಾಗಿ ಬರುತ್ತದೆ. ಕಂಬಗಳ ಸಂದಿಯಿಂದ ನಾಣ್ಯ ಜಾರಿ ಬೀಳುತ್ತದೆ. ಗಿಡ್ಡಕಂಬ, ನಡುಕಂಬ, ಉದ್ದಕಂಬ ಅಂದರೆ ಈ ಜಗಳವೇ ಇಲ್ಲ. ಜಪಾನಿನವರೂ ಉದ್ದನೆಯದನ್ನು ‘ನಾಗಾ ಅಮಿ’, ಅಂದರೆ ಉದ್ದ ಹೆಣಿಗೆ ಅಂತಲೇ ಕರೆಯುತ್ತಾರೆ.

ಈ ಪದಗಳನ್ನು ಹಾಕಿ ಚೀಲದ ತಳವನ್ನು ಬರೆದು ನೋಡಿದೆ:

‘ಮೊದಲ ಸುತ್ತು: ಉಂಗುರದೊಳಗೆ 6 ಗಿಡ್ಡಕಂಬ. ಎರಡನೇ ಸುತ್ತು: ಪ್ರತಿ ಮನೆಗೂ 2 ಗಿಡ್ಡಕಂಬ, ಒಟ್ಟು 12. ಮೂರನೇ ಸುತ್ತು: ಒಂದು ಮನೆಗೆ 1, ಮುಂದಿನ ಮನೆಗೆ 2, ಹೀಗೇ ಕೊನೆಯವರೆಗೆ, ಒಟ್ಟು 18. ಮುಂದೆಯೂ ಸುತ್ತಿಗೆ 6ರಂತೆ ಏರಿಸಿ. ತಳ ಸಾಕಷ್ಟು ಅಗಲವಾದ ಮೇಲೆ ಏರಿಸುವುದನ್ನು ನಿಲ್ಲಿಸಿ. ಆಗ ಗೋಡೆ ತಾನಾಗಿ ಮೇಲೇಳುತ್ತದೆ.’

ಓದಲು ಹಿತವಾಗಿದೆ ಅಂತ ನನಗನ್ನಿಸುತ್ತದೆ. ‘ಮನೆಗೆ 2’ ಅಂದಾಗ ಗೊಂದಲವೇ ಇಲ್ಲ. ಕೂಡಿಸುವುದು, ಕಳೆಯುವುದು ಅನ್ನುವ ಬದಲು ಏರಿಸು, ಇಳಿಸು ಎಂದಿದ್ದೇನೆ. ಏರಿಸಿದ್ದು ಕಡಿಮೆಯಾದರೆ ತಳ ಒಳಗೆ ಬಾಗುತ್ತದೆ, ಜಾಸ್ತಿಯಾದರೆ ಅಂಚು ನಿರಿಗೆಯಾಗುತ್ತದೆ.

ಕೊಕ್ಕೆಯ ಬಗ್ಗೆ ಒಂದು ಮಾತು. ಇದನ್ನು ಕ್ರೋಶಾ ಕಡ್ಡಿ, ಕ್ರೋಶಾ ಸೂಜಿ, ಹುಕ್ ಅಂತೆಲ್ಲ ಕರೆಯುತ್ತಾರೆ. ಕಡ್ಡಿ ಅಂದರೆ ಸ್ವೆಟರ್ ಹೆಣೆಯುವ ಜೋಡಿ ಕಡ್ಡಿಗಳು ನೆನಪಾಗುತ್ತವೆ. ಸೂಜಿ ಅಂದರೆ ದಾರ ಪೋಣಿಸುವ ಕಣ್ಣು ಎಲ್ಲಿ ಅಂತ ಹುಡುಕುವಂತಾಗುತ್ತದೆ. ಫ್ರೆಂಚಿನಲ್ಲಿ ‘ಕ್ರೋಶೆ’ ಅಂದರೇ ಪುಟ್ಟ ಕೊಕ್ಕೆ. ಹಾಗಾಗಿ ಕೊಕ್ಕೆಯೇ ಸರಿ. ಕಲೆಗೆ ಮಾತ್ರ ‘ಕ್ರೋಶಾ’ ಇರಲಿ. ಅದು ಆಗಲೇ ಎಲ್ಲರ ಬಾಯಲ್ಲಿದೆ. ‘ಕೊಕ್ಕೆಹೆಣಿಗೆ’ ಅಂತ ಹೊಸದಾಗಿ ಕಟ್ಟಿ ಹೇರುವುದು ನನಗಿಷ್ಟವಿಲ್ಲ.

ಇನ್ನು ‘ವಿಂಟೇಜ್’. ದ್ರಾಕ್ಷಿ ಕೊಯ್ಲಿನಿಂದ ಬಂದ ಪದ ಇದು. ‘ಹಳೇ ಚೀಲ’ ಅಂದರೆ ಹರಿದದ್ದು ಅಂತಾಗುತ್ತದೆ. ‘ಪುರಾತನ’ ಅಂದರೆ ವಸ್ತುಸಂಗ್ರಹಾಲಯಕ್ಕೆ ಹೋಗಬೇಕು. ಚೀಲ ಹೊಸದು, ನೋಟ ಮಾತ್ರ ಹಳೆಯದು. ಅದಕ್ಕೆ ‘ಹಳೇ ಧಾಟಿಯ’ ಅಂದಿದ್ದೇನೆ.

ಚೀಲದ ಹೆಸರೇ ನನಗೆ ಹೆಚ್ಚು ಖುಷಿ ಕೊಟ್ಟಿದ್ದು. 18ನೇ ಶತಮಾನದ ಕೊನೆಗೆ ಯುರೋಪಿನ ಹೆಂಗಸರ ಉಡುಪು ತೆಳ್ಳಗೆ, ಮೈಗೆ ಹತ್ತಿರವಾಯಿತು. ಲಂಗದೊಳಗೆ ಜೇಬು ಕಟ್ಟಿಕೊಳ್ಳಲು ಜಾಗ ಉಳಿಯಲಿಲ್ಲ. ಆಗ ಕೈಗೆ ಬಂದದ್ದು ಲಾಡಿ ಎಳೆಯುವ ಪುಟ್ಟ ಚೀಲ, ‘ರೆಟಿಕ್ಯೂಲ್’. ಲ್ಯಾಟಿನ್ನಿನಲ್ಲಿ ‘ರೆಟಿಕ್ಯುಲಮ್’ ಅಂದರೆ ಪುಟ್ಟ ಬಲೆ. ನಾನು ಹೆಣೆಯುತ್ತಿರುವುದು ಈ ಬಗೆಯದ್ದೇ. ನಮ್ಮಲ್ಲಿ ‘ಜಾಳಿಗೆ’ ಇದೆಯಲ್ಲ! ಜಾಲದಿಂದ ಬಂದದ್ದು, ಬಲೆಯ ಹಾಗೆ ಹೆಣೆದದ್ದು, ಹಣದ ಚೀಲ ಎಂಬ ಅರ್ಥವೂ ಅದಕ್ಕಿದೆ. ‘ಸಂಚಿ’ಯೂ ಹತ್ತಿರದ್ದೇ, ಆದರೆ ಸಂಚಿ ಅಂದರೆ ಬಟ್ಟೆಯದ್ದು ಅಂತ ಮನಸ್ಸಿಗೆ ಬರುತ್ತದೆ. ‘ವ್ಯಾನಿಟಿ ಬ್ಯಾಗ್’ ಬೇರೆಯದೇ ಚಿತ್ರ ಕೊಡುತ್ತದೆ. ನನ್ನ ಆಯ್ಕೆ ಜಾಳಿಗೆ. ಇಂದಿನ ಓದುಗರಿಗೆ ಅದು ತಿಳಿಯುತ್ತದೆಯೇ ಅಂತ ನಿಮ್ಮನ್ನು ಕೇಳಬೇಕು. ನಿಮ್ಮ ಕಡೆ ಈ ಪದ ಇನ್ನೂ ಆಡುಮಾತಿನಲ್ಲಿ ಇದ್ದರೆ ಯಾವ ಅರ್ಥದಲ್ಲಿ ಅಂತ ದಯವಿಟ್ಟು ತಿಳಿಸಿ.

ಇನ್ನೆರಡು ಪದ ಬೇಕಾಗಿವೆ. ಶುರುವಿನಲ್ಲಿ ಕೊಕ್ಕೆಗೆ ಹಾಕುವ ‘ಸ್ಲಿಪ್ ನಾಟ್‌’ಗೆ ‘ಜೀರುಗುಣಿಕೆ’ ಸಿಕ್ಕಿತು. ಆದರೆ ಸುತ್ತು ಮುಗಿದಾಗ ಕೊನೆಯ ಕಂಬವನ್ನು ಮೊದಲನೆಯದಕ್ಕೆ ಸೇರಿಸುವ ‘ಸ್ಲಿಪ್ ಸ್ಟಿಚ್‌’ಗೆ ಎತ್ತರವೇ ಇಲ್ಲ, ಅದನ್ನು ಕಂಬ ಅನ್ನಲಾಗದು. ‘ಕೂಡುಕುಣಿಕೆ’ ಆದೀತೇ? ಇನ್ನೊಂದು, ಕೆಲವು ಚೀಲಗಳ ಬಾಯಿಗೆ ಕೂರಿಸುವ ಲೋಹದ ಚೌಕಟ್ಟು. ಅದರ ತುದಿಯ ಎರಡು ಗುಂಡುಗಳು ಒಂದನ್ನೊಂದು ದಾಟಿ ಟಕ್ಕನೆ ಮುಚ್ಚಿಕೊಳ್ಳುತ್ತವೆ. ಹಳೇ ಪರ್ಸುಗಳಲ್ಲಿ ನೀವೂ ನೋಡಿರುತ್ತೀರಿ. ಅದಕ್ಕೆ ನಿಮ್ಮ ಮನೆಯಲ್ಲಿ ಏನಂತಿದ್ದರು?