‘ಥ್ರೋ ಇನ್ ದ ಟವೆಲ್’ ಅಂದ್ರೆ ಏನು? ಯಾವಾಗ ಬಳಸಬಹುದು?

ಪ್ರಶ್ನೆ:
ನಮ್ಮ ಟೀಮಿನವರೊಬ್ಬರು ಪ್ರಾಜೆಕ್ಟ್ ಬಿಡುವಾಗ ‘ಐ ಆಮ್ ಥ್ರೋಯಿಂಗ್ ಇನ್ ದ ಟವೆಲ್’ ಅಂತ ಮೇಲ್ ಹಾಕಿದ್ದರು. ಸೋಲೊಪ್ಪಿಕೊಂಡರು ಅಂತ ಅಂದಾಜಾಯಿತು. ಇದರಲ್ಲಿ ಟವೆಲ್ ಯಾಕೆ ಬಂತು? ಬಾಸ್‌ಗೆ ಬರೆದರೆ ಒರಟು ಅನ್ನಿಸುತ್ತದಾ?

ಉತ್ತರ 1:
ಬಾಕ್ಸಿಂಗ್ ಮಾತು. ಸೋಲೊಪ್ಪಿ ಪಂದ್ಯ ನಿಲ್ಲಿಸಿ ಅನ್ನುವುದಕ್ಕೆ ರಿಂಗ್ ಒಳಗೆ ಟವೆಲ್ ಎಸೆಯುತ್ತಾರೆ. ಕೈಚೆಲ್ಲುವುದು ಅಂತೀವಲ್ಲ, ಅದೇ. 19ನೇ ಶತಮಾನದಲ್ಲಿ ಟವೆಲ್ ಅಲ್ಲ, ಸ್ಪಂಜ್ ಎಸೆಯುತ್ತಿದ್ದರು.

ಉತ್ತರ 2:
ನಾನು ಹವ್ಯಾಸಿ ಬಾಕ್ಸರ್‌ಗಳ ಕಾರ್ನರ್‌ನಲ್ಲಿ, ಅಂದರೆ ರಿಂಗ್ ಮೂಲೆಯಲ್ಲಿರುವ ಕೋಚ್ ಮತ್ತು ಸಹಾಯಕರ ಗುಂಪಿನಲ್ಲಿ, ನಿಲ್ಲುವವನು. ಒಂದು ವಿಷಯ ಸೇರಿಸುತ್ತೇನೆ. ರಿಂಗ್‌ನಲ್ಲಿ ಟವೆಲ್ ಎಸೆಯುವುದು ಬಾಕ್ಸರ್ ಅಲ್ಲ, ಅವನ ಕಾರ್ನರ್.

ರೌಂಡ್ ಮುಗಿದರೆ ಸಿಗುವುದು ಒಂದೇ ನಿಮಿಷ. ಸ್ಟೂಲ್ ಇಡಬೇಕು, ಬಾಯಿಗೆ ನೀರು ಹಾಕಬೇಕು, ಊದಿದ ಕಣ್ಣಿಗೆ ತಣ್ಣನೆಯದು ಒತ್ತಬೇಕು. ಮುಖ ಒರೆಸಿದ ಟವೆಲ್ ಹೆಗಲ ಮೇಲೇ ಇರುತ್ತದೆ. ‘ಹೇಗಿದ್ದೀಯ?’ ಅಂದರೆ ಎಲ್ಲರೂ ‘ಚೆನ್ನಾಗಿದ್ದೀನಿ’ ಅಂತಲೇ ಹೇಳುತ್ತಾರೆ! ನಾನು ಆ ಮಾತು ನಂಬಲ್ಲ. ಉತ್ತರ ಎಷ್ಟು ತಡವಾಗಿ ಬಂತು, ಕಣ್ಣು ನನ್ನ ಮುಖದ ಮೇಲೆ ನಿಂತಿದೆಯಾ ಅಂತ ನೋಡುತ್ತೇನೆ.

1975ರಲ್ಲಿ ಮನಿಲಾದಲ್ಲಿ ಮುಹಮ್ಮದ್ ಅಲಿ ಎದುರು ಬಾಕ್ಸರ್ ಜೋ ಫ್ರೇಜಿಯರ್ 14 ರೌಂಡ್ ಮುಗಿಸಿದ್ದರು. ಕಣ್ಣು ಊದಿ ಹೊಡೆತವೇ ಕಾಣುತ್ತಿರಲಿಲ್ಲ. ಆದರೂ ಆಡುತ್ತೇನೆ ಅಂತ ಹಟ. ಕೋಚ್ ಎಡ್ಡಿ ಫಚ್ ಬಿಡಲಿಲ್ಲ, 15ನೇ ರೌಂಡ್‌ಗೆ ಮೊದಲೇ ಪಂದ್ಯ ನಿಲ್ಲಿಸಿದರು. ಟವೆಲ್ ಹಾರದೇ ಇದ್ದರೂ ನನ್ನ ಲೆಕ್ಕದಲ್ಲಿ ಇದಕ್ಕಿಂತ ಒಳ್ಳೆ ಉದಾಹರಣೆ ಇಲ್ಲ.

ದಿನಬಳಕೆಯ ಇಂಗ್ಲಿಷ್‌ನಲ್ಲಿ ಮಾತ್ರ ಅವರವರ ಟವೆಲ್ ಅವರವರೇ ಎಸೆಯುತ್ತಾರೆ, ಅದು ತಪ್ಪಲ್ಲ. ಆದರೆ ಒಂದಷ್ಟು ಗುದ್ದಾಡಿರಬೇಕು. ತಿಂಗಳುಗಟ್ಟಲೆ ಹೆಣಗಿ ಅಂಗಡಿ ಮುಚ್ಚಿದವರಿಗೆ ಈ ಮಾತು ಒಪ್ಪುತ್ತದೆ. ಶುರುವೇ ಮಾಡದೆ ಬಿಟ್ಟವರಿಗೆ ಒಪ್ಪಲ್ಲ. ಬಾಸ್‌ಗೆ ಮೇಲ್‌ನಲ್ಲಿ ಬರೆದರೆ ಒರಟೇನಲ್ಲ, ಸಲುಗೆಯ ಮಾತು ಅಷ್ಟೆ. ರಾಜೀನಾಮೆ ಪತ್ರದಲ್ಲಿ ಬೇಡ.

ಪ್ರಶ್ನೆ ಕೇಳಿದವರು:
ಥ್ಯಾಂಕ್ಸ್! ‘ಸೇವ್ಡ್ ಬೈ ದ ಬೆಲ್’ ಕೂಡ ಇದೇ ಜಾತಿನಾ?

ಉತ್ತರ 2:
ಹೌದು. ಬಾಕ್ಸರ್ ಕೆಳಗೆ ಬಿದ್ದು ರೆಫರಿ ಹತ್ತರವರೆಗೆ ಎಣಿಸುತ್ತಿರುವಾಗ ರೌಂಡ್ ಮುಗಿದ ಗಂಟೆ ಹೊಡೆದು ಬಚಾವಾಗುವುದು. ಈಗಿನ ವೃತ್ತಿಪರ ಬಾಕ್ಸಿಂಗ್‌ನ ಏಕೀಕೃತ ನಿಯಮದಲ್ಲಿ ಆ ಸೌಲಭ್ಯ ಇಲ್ಲ. ಗಂಟೆ ಹೊಡೆದರೂ ಎಣಿಕೆ ನಿಲ್ಲಲ್ಲ, ಹತ್ತರೊಳಗೆ ಏಳಲೇಬೇಕು. ಉತ್ತರ ಗೊತ್ತಿಲ್ಲದ ಪ್ರಶ್ನೆ ಬಂದಾಗ ಮೀಟಿಂಗ್ ಟೈಮ್ ಮುಗಿಯಿತಾ? ಆಗ ಧಾರಾಳವಾಗಿ ಬಳಸಿ.